ಹಾಸನ–ಚಿಕ್ಕಮಗಳೂರು ಸುತ್ತ ಚಳಿಗಾಲದ ವಲಸೆ ಹಕ್ಕಿ ನೋಡುವುದು ಹೇಗೆ? ಹಂತ ಹಂತದ ಸಮಗ್ರ ಮಾರ್ಗದರ್ಶಿ

ನವೆಂಬರ್ ಬಂತೆಂದರೆ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. "ಕೆರೆಗೆ ಹೋಗಿದ್ವಿ, ಬೆಳ್ಳಕ್ಕಿ, ನೀರುಕಾಗೆ ಬಿಟ್ರೆ ಏನೂ ಇರಲಿಲ್ಲ." ಅದರ ಹಿಂದೆಯೇ ಮಸುಕಾದ ಒಂದು ಫೋಟೊ ಬರುತ್ತದೆ, ಜೊತೆಗೆ "ಇದು ಸೈಬೀರಿಯಾದಿಂದ ಬಂದಿದ್ದಾ?" ಎಂಬ ಪ್ರಶ್ನೆ. ಫೋಟೊದಲ್ಲಿ ಇರುವುದು ವರ್ಷವಿಡೀ ನಮ್ಮ ಕೆರೆಯಲ್ಲೇ ಇರುವ ಸಿಳ್ಳೆ ಬಾತು.

ಹಕ್ಕಿಗಳು ಬಂದಿಲ್ಲ ಅಂತಲ್ಲ, ಬಂದಿರುತ್ತವೆ. ಎಡವಟ್ಟಾಗುವುದು ಕೆಲಸದ ಕ್ರಮದಲ್ಲಿ. ಬಹಳ ಜನ ಮೊದಲು ಕ್ಯಾಮೆರಾ ಹಿಡಿದು ಹೊರಡುತ್ತಾರೆ, ಸಿಕ್ಕ ಕೆರೆಗೆ ಸಿಕ್ಕ ಹೊತ್ತಿಗೆ ಹೋಗುತ್ತಾರೆ, ಹೆಸರನ್ನು ಆಮೇಲೆ ಹುಡುಕುತ್ತಾರೆ. ಇದನ್ನು ತಿರುಗಿಸಬೇಕು. ಮೊದಲು ಊರ ಹಕ್ಕಿ, ಆಮೇಲೆ ಜಾಗ ಮತ್ತು ತಿಂಗಳು, ಆಮೇಲೆ ಬೆಳಕು. ವಲಸೆ ಹಕ್ಕಿಯ ಗುರುತು ಇದಾದ ಮೇಲೆ.

ಹಂತ 1: ಸಾಮಾನು ಹೊಂದಿಸಿಕೊಳ್ಳಿ

ಬೈನಾಕ್ಯುಲರ್ ಒಂದಿದ್ದರೆ ಮುಕ್ಕಾಲು ಕೆಲಸ ಆದ ಹಾಗೆ. 8x42 ಅಥವಾ 8x40 ಎಂದು ಬರೆದಿರುವುದನ್ನು ತೆಗೆದುಕೊಳ್ಳಿ. ಅಂದರೆ ಅದು ಎಂಟು ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜು 42 ಅಥವಾ 40 ಮಿಲಿಮೀಟರ್ ಅಗಲ ಇರುತ್ತದೆ. 20x ಎಂದು ಬರೆದಿರುವ ಅಗ್ಗದ ಜೂಮ್ ಬೈನಾಕ್ಯುಲರ್ ಖಂಡಿತ ಬೇಡ. ಹಕ್ಕಿಯ ಜೊತೆಗೆ ನಿಮ್ಮ ಕೈನಡುಕವನ್ನೂ ಅದು ಇಪ್ಪತ್ತು ಪಟ್ಟು ಮಾಡುತ್ತದೆ.

ಮನೆಯಲ್ಲೇ ಒಮ್ಮೆ ಹೀಗೆ ಹೊಂದಿಸಿ. ಕನ್ನಡಕ ಹಾಕುವವರು ಕಣ್ಣಿನ ಬಳಿಯ ರಬ್ಬರ್ ಅಂಚನ್ನು ಒಳಕ್ಕೆ ಇಳಿಸಬೇಕು, ಹಾಕದವರು ಹೊರಕ್ಕೆ ಎತ್ತಬೇಕು. ಎರಡು ಕೊಳವೆಗಳನ್ನು ನಡುವೆ ಮಡಿಸುತ್ತಾ ಒಂದೇ ದುಂಡು ಚಿತ್ರ ಕಾಣುವಂತೆ ಮಾಡಿ. ಬಲಗಡೆಯ ಮುಂದಿನ ಗಾಜನ್ನು ಕೈಯಿಂದ ಮುಚ್ಚಿ, ಎಡಗಣ್ಣಿನಿಂದ ದೂರದ ಬೋರ್ಡಿನ ಅಕ್ಷರ ನೋಡುತ್ತಾ ನಡುವಿನ ಚಕ್ರ ತಿರುಗಿಸಿ. ಅಕ್ಷರ ಸ್ಪಷ್ಟವಾದ ಮೇಲೆ ಎಡಗಡೆ ಮುಚ್ಚಿ. ಈಗ ಚಕ್ರ ಮುಟ್ಟದೆ ಬಲಗಣ್ಣಿನ ಬಳಿ ಇರುವ ಉಂಗುರ ಮಾತ್ರ ತಿರುಗಿಸಿ, ಅದೇ ಅಕ್ಷರವನ್ನು ಸ್ಪಷ್ಟ ಮಾಡಿಕೊಳ್ಳಿ. ಇನ್ನು ಮುಂದೆ ನಡುವಿನ ಚಕ್ರ ತಿರುಗಿಸಿದರೆ ಸಾಕು. "ಬೈನಾಕ್ಯುಲರ್ ನೋಡಿದ್ರೆ ತಲೆನೋವು ಬರುತ್ತೆ" ಅನ್ನುವವರಲ್ಲಿ ಜಾಸ್ತಿ ಜನ ಆ ಉಂಗುರ ಮುಟ್ಟಿಯೇ ಇರುವುದಿಲ್ಲ.

ಹಕ್ಕಿ ಕಂಡಾಗ ಅದರ ಮೇಲಿಂದ ಕಣ್ಣು ತೆಗೆಯಬೇಡಿ. ಕಣ್ಣು ಅಲ್ಲೇ ನೆಟ್ಟು ಬೈನಾಕ್ಯುಲರ್ ಅನ್ನು ಮುಖದ ಹತ್ತಿರ ತನ್ನಿ. ತಲೆ ಬಗ್ಗಿಸಿ ಬೈನಾಕ್ಯುಲರ್ ನೋಡಿ, ಮತ್ತೆ ತಲೆ ಎತ್ತಿ ಹುಡುಕಿದರೆ ಹಕ್ಕಿ ಸಿಗುವುದಿಲ್ಲ.

ಫೋನಿನಲ್ಲಿ ಹಕ್ಕಿ ಗುರುತಿಸಲು ಮರ್ಲಿನ್, ಕಂಡದ್ದನ್ನು ಪಟ್ಟಿ ಮಾಡಿಡಲು ಇ-ಬರ್ಡ್ ಎಂಬ ಎರಡು ಆ್ಯಪ್ ಇರಲಿ. ಎರಡೂ ಉಚಿತ. ಮರ್ಲಿನ್‌ನಲ್ಲಿ ನಮ್ಮ ಭಾಗದ ಹಕ್ಕಿಗಳ ಪ್ಯಾಕ್ ಅನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಮೂಡಿಗೆರೆ, ಸಕಲೇಶಪುರದ ಎಷ್ಟೋ ತೋಟಗಳಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಜೇಬಿನಲ್ಲಿ ಒಂದು ಸಣ್ಣ ನೋಟ್‌ಬುಕ್, ಮಂಕು ಬಣ್ಣದ ಬಟ್ಟೆ, ಉದ್ದ ಸಾಕ್ಸ್. ಅಷ್ಟೇ.

ಹಂತ 2: ಊರ ಹಕ್ಕಿ ಮೊದಲು ಕಲಿಯಿರಿ

ಬಹಳ ಜನ ಹಾರಿಸಿಬಿಡುವ ಹಂತ ಇದೇ. ವರ್ಷವಿಡೀ ಇರುವ ಹಕ್ಕಿ ಗೊತ್ತಿದ್ದರೆ ಮಾತ್ರ ಹೊಸದಾಗಿ ಬಂದಿದ್ದು ಕಣ್ಣಿಗೆ ಬೀಳುತ್ತದೆ. ವಲಸೆ ಜೋರಾಗುವ ಮೊದಲು, ಸೆಪ್ಟೆಂಬರ್ ಹೊತ್ತಿಗೆ, ಮನೆ ಹತ್ತಿರದ ಒಂದು ಕೆರೆಗೆ ಕೆಲವು ಸಲ ಹೋಗಿ ಬನ್ನಿ. ಹಾಸನದವರಿಗೆ ಹುಣಸಿನಕೆರೆ, ಚಿಕ್ಕಮಗಳೂರಿನವರಿಗೆ ಬಸವನಹಳ್ಳಿ ಕೆರೆ ಅಥವಾ ಹಿರೇಕೊಳಲೆ ಕೆರೆ ಸಾಕು.

ಗುಳುಮುಳುಕ, ಹಣೆಯ ಮೇಲೆ ಬಿಳಿ ನಾಮ ಇರುವ ನಾಮಕೋಳಿ, ನೇರಳೆ ಜಂಬುಕೋಳಿ, ಹಾವಕ್ಕಿ, ಕೊಳದ ಬಕ, ಟಿಟ್ಟಿಭ. ಇವು ಬೇಗ ಕೈಗೆ ಹತ್ತುತ್ತವೆ. ಬಾತುಗಳಲ್ಲಿ ಎರಡನ್ನು ಗಟ್ಟಿ ಮಾಡಿಕೊಳ್ಳಿ. ಒಂದು, ಕಂದು ಬಣ್ಣದ ಸಿಳ್ಳೆ ಬಾತು. ಹಾರುವಾಗ ಸಿಳ್ಳೆ ಹಾಕುತ್ತದೆ. ಇನ್ನೊಂದು ವರಟೆ ಬಾತು. ಕಪ್ಪು ಕೊಕ್ಕಿನ ತುದಿ ಹಳದಿ, ಕೊಕ್ಕಿನ ಬುಡದಲ್ಲಿ ಕೆಂಪು ಚುಕ್ಕೆ. ಇವೆರಡನ್ನು ಬಿಟ್ಟು ಬೇರೆ ದೊಡ್ಡ ಬಾತು ಕಂಡರೆ ಆಗ ಗಮನ ಕೊಡಿ.

ಇಲ್ಲಿ ಮೂರು ಕಡೆ ಜನ ಮೋಸ ಹೋಗುತ್ತಾರೆ. ಬಣ್ಣದ ಕೊಕ್ಕರೆ ಮತ್ತು ಬಾಯ್ಕಳಕ ಗುಂಪಾಗಿ ಬಂದಿಳಿದಾಗ ವಿದೇಶಿ ಹಕ್ಕಿ ಎಂದು ಸುದ್ದಿಯಾಗುತ್ತದೆ. ಅವು ನಮ್ಮ ದೇಶದಲ್ಲೇ ನೀರು, ಮೀನು ನೋಡಿಕೊಂಡು ಓಡಾಡುವ ಹಕ್ಕಿಗಳು. ರಂಗನತಿಟ್ಟಿನಲ್ಲಿ ಗೂಡು ಕಟ್ಟುತ್ತವೆ. ಎರಡನೆಯದು ಉದ್ದ ಬಾಲದ ದೇವನಕ್ಕಿ. ಚಳಿಗಾಲದಲ್ಲಿ ಅದರ ಉದ್ದ ಬಾಲ ಇರುವುದಿಲ್ಲ, ಬಣ್ಣವೂ ಮಾಸಿರುತ್ತದೆ. ಅದನ್ನು ನೋಡಿ ಹೊಸ ಹಕ್ಕಿ ಅಂದುಕೊಳ್ಳುತ್ತಾರೆ. ಮೂರನೆಯದು ಸಿಪಿಲೆ, ನಮ್ಮ ಮಲೆನಾಡಿನವರು ಕುಂಡೆಕುಸ್ಕ ಅನ್ನುವ ಹಕ್ಕಿ. ಕಪ್ಪು ತಲೆಗೆ ಬಿಳಿ ಹುಬ್ಬು ಎಳೆದಂತಿರುವ ದೊಡ್ಡ ಸಿಪಿಲೆ ಊರಿನದು. ಮುಖ ಪೂರ್ತಿ ಬೆಳ್ಳಗಿರುವ ಬಿಳಿ ಸಿಪಿಲೆ ಚಳಿಗಾಲಕ್ಕೆ ಬಂದದ್ದು.

ಹಂತ 3: ಜಾಗ ಮತ್ತು ತಿಂಗಳು ಜೋಡಿಸಿ

ನಮ್ಮ ಎರಡು ಜಿಲ್ಲೆಗಳ ಅನುಕೂಲ ಇದು: ಪಶ್ಚಿಮಕ್ಕೆ ಕಾಡು, ಕಾಫಿ; ನಡುವೆ ಕೆರೆ, ಗದ್ದೆ, ಹಿನ್ನೀರು; ಪೂರ್ವಕ್ಕೆ ಅರಸೀಕೆರೆ, ಕಡೂರಿನ ಒಣ ಹುಲ್ಲುಗಾವಲು. ಒಂದೊಂದಕ್ಕೂ ಬೇರೆ ಹಕ್ಕಿ, ಬೇರೆ ತಿಂಗಳು. ಎಲ್ಲವನ್ನೂ ಒಂದೇ ಭಾನುವಾರ ಮುಗಿಸಲು ಹೊರಟರೆ ಯಾವುದೂ ಸರಿಯಾಗಿ ಆಗುವುದಿಲ್ಲ.

ಸೆಪ್ಟೆಂಬರ್‌ನಿಂದ ಅಕ್ಟೋಬರ್‌ವರೆಗೆ ಸಣ್ಣ ಹಕ್ಕಿಗಳ ಕಾಲ. ಬೂದು ಸಿಪಿಲೆ ಹಳ್ಳದ ಬಂಡೆಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಉಲಿಯಕ್ಕಿಗಳು (ವಾರ್ಬ್ಲರ್) ಮತ್ತು ನವರಂಗ (ಇಂಡಿಯನ್ ಪಿಟ್ಟಾ) ಕಾಫಿ ತೋಟ ಸೇರುತ್ತವೆ. ನವೆಂಬರ್, ಡಿಸೆಂಬರ್‌ನಲ್ಲಿ ತುಂಬಿದ ಕೆರೆಗಳಿಗೆ ಬಾತುಗಳು ಬರುತ್ತವೆ. ಸಕ್ಕರೆಪಟ್ಟಣದ ಅಯ್ಯನಕೆರೆ, ಕಡೂರು ಕಡೆಯ ಮದಗದ ಕೆರೆ, ಹಳೇಬೀಡಿನ ದ್ವಾರಸಮುದ್ರ, ಬೇಲೂರಿನ ಯಗಚಿ ಹಿನ್ನೀರು ಆಗ ನೋಡಬೇಕಾದವು.

ಜನವರಿ ಕೊನೆಯಿಂದ ನೀರು ಇಳಿದು ಕೆಸರು ಕಾಣತೊಡಗುತ್ತದೆ. ಗದ್ದೆಗೊರವಗಳು (ಸ್ಯಾಂಡ್‌ಪೈಪರ್) ಗುಂಪಾಗಿ ಇಳಿಯುವುದು ಆಗ. ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ, ಶೆಟ್ಟಿಹಳ್ಳಿಯ ಹಳೇ ಚರ್ಚಿನ ಸುತ್ತಮುತ್ತ, ನೀರಿನ ಅಂಚು ವಾರವಾರಕ್ಕೂ ಹಿಂದೆ ಸರಿಯುತ್ತದೆ. ಹೋದ ತಿಂಗಳು ಹಕ್ಕಿ ಕಂಡ ಜಾಗದಲ್ಲಿ ಈಗ ದನ ಮೇಯುತ್ತಿರಬಹುದು. ನೀರಿನ ಅಂಚು ಎಲ್ಲಿದೆಯೋ ಅಲ್ಲಿ ಹುಡುಕಿ.

ಕೆರೆಯನ್ನು ಭಾಗ ಮಾಡಿ ನೋಡುವ ಅಭ್ಯಾಸ ಬೆಳೆಸಿಕೊಳ್ಳಿ. ನಡುನೀರಿನಲ್ಲಿ ಬಾತು. ಜೊಂಡಿನಲ್ಲಿ ಜಂಬುಕೋಳಿ, ಉಲಿಯಕ್ಕಿ. ಕೋಡಿಯ ಕಲ್ಲಿನ ಮೇಲೆ ಸಿಪಿಲೆ. ಒಣಗುತ್ತಿರುವ ಕೆರೆ ಅಂಗಳದಲ್ಲಿ ಗದ್ದೆಗೊರವ. ತೂಬಿನ ಕೆಳಗಿನ ಗದ್ದೆಯ ಕೂಳೆಯಲ್ಲಿ ಉಲ್ಲಂಕಿ. ಇದು ನಿಮ್ಮ ಕಾಲ ಬುಡದಿಂದ ಕರ್ಕಶವಾಗಿ ಕೂಗಿ ಅಂಕುಡೊಂಕಾಗಿ ಹಾರುವ ತನಕ ಕಾಣುವುದೇ ಇಲ್ಲ. ಬಹುಪಾಲು ಜನ ಏರಿಯ ಮೇಲೆ ನಿಂತು ನಡುನೀರು ಮಾತ್ರ ನೋಡಿ ವಾಪಸ್ ಹೋಗುತ್ತಾರೆ.

ಹಂತ 4: ಹೊತ್ತು ಮತ್ತು ಬೆಳಕು

ಬೆಳಗಿನ ಹೊತ್ತು ಒಳ್ಳೆಯದು ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಡಿಸೆಂಬರ್, ಜನವರಿಯಲ್ಲಿ ನಮ್ಮ ಕೆರೆಗಳ ಮೇಲೆ ಮಂಜು ಕೂತಿರುತ್ತದೆ. ಆರು ಗಂಟೆಗೆ ಹೋದರೆ ಬರೀ ಬಿಳಿ ಪರದೆ. ಮಂಜು ಇದ್ದ ದಿನ ಮೊದಲು ಗದ್ದೆ ಬದು, ತೋಟದ ಅಂಚು ನೋಡಿಕೊಂಡು, ಮಂಜು ಎದ್ದ ಮೇಲೆ ಕೆರೆಗೆ ಹೋಗಿ.

ಬೆಳಿಗ್ಗೆ ಕೆರೆಯ ಪೂರ್ವ ದಡದಲ್ಲಿ ನಿಲ್ಲಿ, ಸಂಜೆ ಪಶ್ಚಿಮ ದಡದಲ್ಲಿ. ಸೂರ್ಯ ನಿಮ್ಮ ಬೆನ್ನಿಗಿರಬೇಕು. ಬೆಳಕು ಎದುರಿಗಿದ್ದರೆ ಎಲ್ಲ ಬಾತುಗಳೂ ಕಪ್ಪು ಬಾತುಗಳೇ. "ಬಣ್ಣ ಕಾಣಲಿಲ್ಲ" ಅನ್ನುವ ದೂರಿನ ಕಾರಣ ಹೆಚ್ಚಿನ ಸಲ ಬೈನಾಕ್ಯುಲರ್ ಅಲ್ಲ, ನಿಂತ ಜಾಗ. ಹೊರಡುವ ಮುನ್ನ ಫೋನಿನ ನಕ್ಷೆಯಲ್ಲಿ ಆ ದಡಕ್ಕೆ ದಾರಿ ಇದೆಯೇ ನೋಡಿಕೊಳ್ಳಿ.

ಪಟ್ಟೆತಲೆ ಹೆಬ್ಬಾತಿಗೆ ಮಾತ್ರ ಬೇರೆ ಲೆಕ್ಕ. ಅದು ರಾತ್ರಿ, ನಸುಕಿನಲ್ಲಿ ಹೊಲಗಳಲ್ಲಿ ಮೇದು, ಬಿಸಿಲೇರಿದಾಗ ಕೆರೆಗೆ ಬಂದು ಮಲಗುತ್ತದೆ. ಅದನ್ನು ನಿಶ್ಚಿತವಾಗಿ ನೋಡಲೇಬೇಕು ಅಂದರೆ ಗದಗ ಜಿಲ್ಲೆಯ ಮಾಗಡಿ ಕೆರೆಗೋ ಮೈಸೂರು ಕಡೆಯ ಹದಿನಾರು ಕೆರೆಗೋ ಹೋಗುವುದು ಮೇಲು. ನಮ್ಮ ಕೆರೆಗಳಲ್ಲಿ ಸಿಕ್ಕರೆ ಅದೃಷ್ಟ.

ಹಂತ 5: ಹತ್ತಿರ ಹೋಗುವ ರೀತಿ

ಏರಿಯ ಮೇಲೆ ಆಕಾಶದ ಎದುರು ಎದ್ದು ನಿಂತ ಮನುಷ್ಯ ಹಕ್ಕಿಗೆ ಬಹಳ ದೂರದಿಂದಲೇ ಕಾಣುತ್ತಾನೆ. ಏರಿ ಹತ್ತಿದ ಕೂಡಲೇ ಕುಳಿತುಬಿಡಿ. ಹತ್ತು ನಿಮಿಷ ಸುಮ್ನೆ ಕೂತರೆ ಜೊಂಡಿನೊಳಗೆ ಸೇರಿಕೊಂಡವು ಒಂದೊಂದಾಗಿ ಹೊರಬರುತ್ತವೆ. ನೇರವಾಗಿ ಹಕ್ಕಿಯ ಕಡೆ ನಡೆಯದೆ ಓರೆಯಾಗಿ, ನಿಂತು ನಿಂತು ಹೋಗಿ.

ಹಕ್ಕಿ ಮೇಯುವುದು ನಿಲ್ಲಿಸಿ ಕತ್ತು ಎತ್ತಿತು ಅಂದರೆ ಅದು ಮೊದಲ ಎಚ್ಚರಿಕೆ. ಗುಂಪು ಪೂರ್ತಿ ಒಂದೇ ದಿಕ್ಕಿಗೆ ನಿಧಾನವಾಗಿ ಈಜತೊಡಗಿದರೆ ಎರಡನೆಯದು. ಟಿಟ್ಟಿಭ ತಲೆಯ ಮೇಲೆ ಸುತ್ತುತ್ತಾ ಕೂಗಿದರೆ ಮುಗಿಯಿತು, ನಾಲ್ಕು ಹೆಜ್ಜೆ ಹಿಂದೆ ಸರಿಯಿರಿ. ಫೋಟೊಗಾಗಿ ಕಲ್ಲೆಸೆದು ಹಾರಿಸುವುದನ್ನು, ಡ್ರೋನ್ ಬಿಡುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ವಾಪಸ್ ಹೋಗಲು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವುದು ಇಲ್ಲೇ. ಪದೇ ಪದೇ ಹಾರಿಸಿದರೆ ಅದು ಖರ್ಚಾಗುತ್ತದೆ.

ಕೆರೆ ದಡದಲ್ಲಿ ಹಲವು ಹಕ್ಕಿ ಸತ್ತು ಬಿದ್ದಿದ್ದರೆ ಮುಟ್ಟಬೇಡಿ, ನಾಯಿಗಳನ್ನು ಬಿಡಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಮತ್ತು ಅರಣ್ಯ ಇಲಾಖೆಗೆ ತಿಳಿಸಿ.

ಹಂತ 6: ಕೆರೆಯ ವಲಸೆ ಹಕ್ಕಿ ಗುರುತಿಸುವುದು

ಬಾತುಗಳಿಂದ ಶುರು ಮಾಡಿ. ಹಗಲಲ್ಲಿ ಅವು ಹೆಚ್ಚಾಗಿ ನಡುನೀರಿನಲ್ಲಿ ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸಿಕ್ಕಿಸಿ ನಿದ್ದೆ ಮಾಡುತ್ತವೆ. ಸಿಳ್ಳೆ ಬಾತಿನ ಗುಂಪು ಅಂತ ಬಿಟ್ಟುಬಿಡಬೇಡಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೊಂದನ್ನೇ ನೋಡುತ್ತಾ ಹೋಗಿ. ಕತ್ತು ಉದ್ದ, ಬಾಲ ಚೂಪಾಗಿ ಮೇಲೆದ್ದಿದ್ದರೆ ಸೂಜಿಬಾಲದ ಬಾತು. ಆ್ಯಪ್‌ನಲ್ಲಿ ನಾರ್ದರ್ನ್ ಪಿನ್‌ಟೇಲ್. ಸಲಿಕೆಯಂಥ ಅಗಲ ಕೊಕ್ಕನ್ನು ನೀರಿಗೆ ತಾಗಿಸಿಕೊಂಡೇ ಈಜುತ್ತಿದ್ದರೆ ನಾರ್ದರ್ನ್ ಶವಲರ್. ಸಣ್ಣದು, ಕಣ್ಣಿನ ಮೇಲೆ ಬಿಳಿ ಗೆರೆ ಇದ್ದರೆ ಬಿಳಿಹುಬ್ಬಿನ ಬಾತು, ಅಂದರೆ ಗಾರ್ಗೇನಿ.

ಗಾರ್ಗೇನಿಯಲ್ಲಿ ಒಂದು ತೊಡಕು ಇದೆ. ಪುಸ್ತಕದಲ್ಲಿ ಕಾಣುವ ದಪ್ಪ ಬಿಳಿ ಹುಬ್ಬು ಗಂಡಿನದು, ಅದೂ ಚಳಿಗಾಲದ ಕೊನೆಯ ಹೊತ್ತಿಗೆ. ಅಕ್ಟೋಬರ್, ನವೆಂಬರ್‌ನಲ್ಲಿ ಗಂಡೂ ಹೆಣ್ಣಿನಂತೆ ಕಂದು ಕಂದಾಗಿರುತ್ತದೆ. ಆಗ ಮುಖ ನೋಡಿ: ಕಣ್ಣಿನ ಮೇಲೊಂದು ತಿಳಿ ಗೆರೆ, ಕಣ್ಣಿನ ಮೂಲಕ ಕಪ್ಪು ಗೆರೆ, ಕೊಕ್ಕಿನ ಬುಡದಲ್ಲಿ ಒಂದು ತಿಳಿ ಚುಕ್ಕೆ.

ಆಮೇಲೆ ಗದ್ದೆಗೊರವಗಳು. ಎಲ್ಲರೂ ಕೈಚೆಲ್ಲುವುದು ಇಲ್ಲೇ, ಯಾಕೆಂದರೆ ಎಲ್ಲವೂ ಕಂದು. ಬಣ್ಣ ಬಿಡಿ, ಮೂರು ಕಡೆ ಮಾತ್ರ ನೋಡಿ: ಭುಜ, ಹುಬ್ಬು, ಹಾರುವಾಗ ಸೊಂಟ. ಎದೆಯ ಬಿಳಿ ಬಣ್ಣ ರೆಕ್ಕೆಯ ಮುಂದೆ ಬೆಣೆಯಂತೆ ಮೇಲಕ್ಕೆ ತೂರಿದ್ದರೆ, ಹಿಂಭಾಗ ಸದಾ ಕುಣಿಯುತ್ತಿದ್ದರೆ, ಎಬ್ಬಿಸಿದಾಗ ನೀರಿಗೆ ಒತ್ತಿಕೊಂಡು ರೆಕ್ಕೆ ಬಿಗಿ ಹಿಡಿದು ಹಾರಿದರೆ ಅದು ಕಾಮನ್ ಸ್ಯಾಂಡ್‌ಪೈಪರ್. ಬೆನ್ನ ತುಂಬ ಬಿಳಿ ಚುಕ್ಕೆ, ಕಣ್ಣು ದಾಟಿ ಹಿಂದಕ್ಕೆ ಹೋಗುವ ಉದ್ದ ಹುಬ್ಬು, ಹಳದಿ ಛಾಯೆಯ ಕಾಲು ಇದ್ದರೆ ವುಡ್ ಸ್ಯಾಂಡ್‌ಪೈಪರ್. ಬೆನ್ನು ಕಡುಗಪ್ಪು, ಹುಬ್ಬು ಕಣ್ಣಿನ ಹತ್ತಿರವೇ ನಿಂತುಬಿಟ್ಟಿದೆ, ಹಾರಿದಾಗ ಕಪ್ಪು ರೆಕ್ಕೆಗಳ ನಡುವೆ ಸೊಂಟ ಪಳಕ್ಕನೆ ಬಿಳಿ ಕಂಡಿತು ಎಂದರೆ ಗ್ರೀನ್ ಸ್ಯಾಂಡ್‌ಪೈಪರ್. ಇದು ಹೆಚ್ಚಾಗಿ ಒಂಟಿ. ಸಣ್ಣ ಹಳ್ಳ, ಕಾಲುವೆಯಲ್ಲೂ ಸಿಗುತ್ತದೆ. ಈ ಮೂರು ಕೈವಶವಾದರೆ ಉಳಿದವು ಸುಲಭ.

ಕೆರೆಯ ಹಕ್ಕಿಗಳೆಲ್ಲ ಒಮ್ಮೆಲೇ ದಿಗ್ಗನೆ ಎದ್ದವು ಅಂದುಕೊಳ್ಳಿ. ನೀವು ಅಲುಗಾಡಿಲ್ಲ. ಆಗ ಜೊಂಡಿನ ಮೇಲೆ ನೋಡಿ. ರೆಕ್ಕೆಗಳನ್ನು ಸ್ವಲ್ಪ ಮೇಲೆತ್ತಿ ತೇಲುತ್ತಾ ಬರುವ ಜೌಗು ಸೆಳೆವ ಎಂಬ ಬೇಟೆ ಹಕ್ಕಿ ಕಾಣಬಹುದು. ಹೆಣ್ಣು ಚಾಕೊಲೇಟ್ ಬಣ್ಣ, ತಲೆ ಮಾತ್ರ ಕೆನೆ ಬಣ್ಣ.

ಹಂತ 7: ಕಾಫಿ ತೋಟ – ಮೊದಲು ಎಚ್ಚರ, ಆಮೇಲೆ ಹಕ್ಕಿ

ತೋಟದ ಮಾಲೀಕರ ಒಪ್ಪಿಗೆ ಇಲ್ಲದೆ ಬೇಲಿ ದಾಟಬೇಡಿ. ನವೆಂಬರ್‌ನಿಂದ ಅರೇಬಿಕಾ, ಜನವರಿಯಿಂದ ರೋಬಸ್ಟಾ ಕುಯ್ಲು ನಡೆಯುತ್ತಿರುತ್ತದೆ. ಆಳುಗಳು ಕೆಲಸ ಮಾಡುವ ಪಟ್ಟೆಯಲ್ಲಿ ಹಕ್ಕಿಯೂ ಕಡಿಮೆ, ಅವರಿಗೂ ತೊಂದರೆ.

ಆನೆಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆಯ ತೋಟಗಳಲ್ಲಿ ಕಾಡಾನೆ ಹಗಲಲ್ಲೂ ಇರುತ್ತದೆ. ನಸುಕಿನಲ್ಲಿ ಒಂಟಿಯಾಗಿ, ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೋಗುವುದು ಜೀವಕ್ಕೇ ಅಪಾಯ. ಹಿಂದಿನ ರಾತ್ರಿಯೇ ತೋಟದವರಿಗೆ ಫೋನ್ ಮಾಡಿ ಆನೆ ಎಲ್ಲಿದೆ ಎಂದು ಕೇಳಿ. ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ಬಂದ ಎಚ್ಚರಿಕೆ ನೋಡಿಕೊಳ್ಳಿ. ಹಸಿ ಲದ್ದಿ, ಸೀಳಿ ಬಿಸಾಡಿದ ಬೈನೆ ಮರ, ಮುರಿದು ಇನ್ನೂ ಬಾಡದ ಕಾಫಿ ಗಿಡ, ರೆಂಬೆ ಮುರಿಯುವ ಸದ್ದು, ಲೈನ್ ಮನೆಗಳ ನಾಯಿಗಳ ಬಿಡದ ಬೊಗಳಾಟ: ಇದರಲ್ಲಿ ಒಂದು ಕಂಡರೂ ಬಂದ ದಾರಿಯಲ್ಲೇ ವಾಪಸ್. ಹಕ್ಕಿ ನಾಳೆಯೂ ಇರುತ್ತದೆ.

ಇನ್ನೊಂದು ಉಣುಗು. ಚಳಿಗಾಲದಿಂದ ಬೇಸಿಗೆವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. ಅದು ಹರಡುವುದು ಉಣುಗಿನಿಂದ. ತರಗೆಲೆಯ ಮೇಲೆ ಕೂರಬೇಡಿ. ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಉಣುಗು ದೂರವಿಡಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಮಂಗ ಸತ್ತಿರುವ ಜಾಗದ ಹತ್ತಿರ ಸುಳಿಯಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಮನೆಗೆ ಬಂದು ಬಿಸಿನೀರಲ್ಲಿ ಮೈ ಉಜ್ಜಿ ತೊಳೆದು ಬಟ್ಟೆ ಒಗೆಯಲು ಹಾಕಿ. ಮುಂದಿನ ವಾರ ಹತ್ತು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ಈಗ ಹಕ್ಕಿಗೆ ಬರೋಣ. ತೋಟದಲ್ಲಿ ಕಣ್ಣಿಗಿಂತ ಕಿವಿ ಮುಂದೆ. ಎರಡು ಕೂಗು ಕಲಿತರೆ ಅರ್ಧ ತೋಟ ಗೊತ್ತಾದ ಹಾಗೆ. ಸಿಲ್ವರ್ ಓಕ್ ಮರದ ನೆತ್ತಿಯಿಂದ "ಚಿ‑ವೀ, ಚಿ‑ವೀ" ಎಂದು ಬಿಡದೆ ಕೇಳಿದರೆ ಅದು ಗ್ರೀನಿಶ್ ವಾರ್ಬ್ಲರ್. ಕೆಳಗೆ ಪೊದೆಯೊಳಗಿಂದ ಕಲ್ಲಿಗೆ ಕಲ್ಲು ತಾಗಿದಂತೆ "ಟಕ್… ಟಕ್" ಎಂದರೆ ಬ್ಲಿತ್ಸ್ ರೀಡ್ ವಾರ್ಬ್ಲರ್. ಮೊದಲನೆಯದು ಹಸಿರು, ಎರಡನೆಯದು ಕಂದು. ಎರಡೂ ಗುಬ್ಬಿಗಿಂತ ಸಣ್ಣವು, ಒಂದು ಕ್ಷಣ ನಿಲ್ಲುವುದಿಲ್ಲ. ಬೆನ್ನಟ್ಟಬೇಡಿ.

ನವರಂಗ ನೆಲದ ಹಕ್ಕಿ. ಬೆಳಗಾಗುವಾಗ, ಕತ್ತಲಾಗುವಾಗ ಎರಡು ಸ್ವರದ ಸಿಳ್ಳೆ ಹಾಕುತ್ತದೆ. ಉಳಿದ ಹೊತ್ತು ನೆರಳಲ್ಲಿ ತರಗೆಲೆ ಕೆದಕುತ್ತಿರುತ್ತದೆ. ಎಲೆ ಸರಿಯುವ ಸಣ್ಣ ಸದ್ದಿಗೆ ನಿಂತು ನೋಡಿ. ಕಾಡು ಸಿಪಿಲೆಯೂ ಅಲ್ಲೇ ಸಿಗುತ್ತದೆ. ಬೇರೆ ಸಿಪಿಲೆಗಳು ಬಾಲವನ್ನು ಮೇಲೆ ಕೆಳಗೆ ಆಡಿಸಿದರೆ ಇದು ಹಿಂಭಾಗವನ್ನು ಅಕ್ಕಪಕ್ಕಕ್ಕೆ ಓಲಾಡಿಸುತ್ತದೆ. ಒಣ ರೆಂಬೆಯ ತುದಿಯಲ್ಲಿ ಕೂತ ಕಾಜಾಣ ಕಪ್ಪಿಗಿಂತ ಬೂದಾಗಿ ಕಂಡು, ಕಣ್ಣು ಕೆಂಪಗಿದ್ದರೆ ಅದು ಚಳಿಗಾಲಕ್ಕೆ ಬಂದ ಬೂದು ಕಾಜಾಣ.

ಮರ್ಲಿನ್ ಆ್ಯಪ್ ಧ್ವನಿ ಕೇಳಿ ಹೆಸರು ಹೇಳುತ್ತದೆ, ನಿಜ. ಆದರೆ ನಮ್ಮ ತೋಟದಲ್ಲಿ ಭೀಮರಾಜ ಇದ್ದಾನೆ. ಅವನು ಹತ್ತಾರು ಹಕ್ಕಿಗಳ ದನಿ ಅನುಕರಿಸುತ್ತಾನೆ. ಆ್ಯಪ್ ಅಷ್ಟೂ ಹೆಸರನ್ನು ಸಾಲಾಗಿ ತೋರಿಸಿಬಿಡಬಹುದು. ಆ್ಯಪ್ ಹೇಳಿದ್ದು ಸುಳಿವು ಮಾತ್ರ. ಕಣ್ಣಲ್ಲಿ ನೋಡಿ, ಇಲ್ಲವೇ ನಿಮ್ಮ ಕಿವಿಗೇ ಖಾತ್ರಿಯಾದ ಮೇಲೆ ಬರೆಯಿರಿ. ಫೋನಿನಲ್ಲಿ ಕೂಗು ಹಾಕಿ ಹಕ್ಕಿ ಕರೆಯುವುದು ಬೇಡವೇ ಬೇಡ.

ಹಂತ 8: ಹುಲ್ಲುಗಾವಲಿಗೆ ಒಂದು ಸಂಜೆ

ಕಡೂರು, ಬೀರೂರು, ಅರಸೀಕೆರೆ ಕಡೆಯ ಅಮೃತಮಹಲ್ ಕಾವಲುಗಳಿಗೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಸಂಜೆ ನಾಲ್ಕರ ಮೇಲೆ ಹೋಗಿ. ಸೆಳೆವಗಳು ಹುಲ್ಲಿಗೆ ತಾಗುವಷ್ಟು ಕೆಳಗೆ ಹಾರುತ್ತಾ ಬಂದು ರಾತ್ರಿ ನೆಲದ ಮೇಲೇ ತಂಗುತ್ತವೆ. ಅದಕ್ಕೇ ಹುಲ್ಲಿನೊಳಗೆ ಕಾಲಿಡಬಾರದು, ಗಾಡಿ ಇಳಿಸಬಾರದು. ರಸ್ತೆಯಲ್ಲೇ ನಿಂತು ನೋಡಿ. ಬಾಸೂರು ಕಾವಲು 2011ರಿಂದ ಸಂರಕ್ಷಣಾ ಮೀಸಲು. ಒಳಗೆ ಹೋಗಲು ಅರಣ್ಯ ಇಲಾಖೆಯನ್ನು ಕೇಳಲೇಬೇಕು. ಸೊಂಟ ಬೆಳ್ಳಗಿರುವ ಕಂದು ಸೆಳೆವ ಕಂಡರೆ ಹೆಸರಿಗೆ ಆತುರಪಡಬೇಡಿ. ಮಾಂಟೇಗ್ಯೂ ಮತ್ತು ಪ್ಯಾಲಿಡ್ ಎಂಬ ಎರಡು ಬಗೆಯ ಸೆಳೆವಗಳ ಹೆಣ್ಣುಗಳೂ ಮರಿಗಳೂ ಹಾಗೇ ಇರುತ್ತವೆ. ಇ-ಬರ್ಡ್‌ನಲ್ಲಿ ಎರಡನ್ನೂ ಸೇರಿಸಿ ಬರೆಯುವ ಆಯ್ಕೆ ಇದೆ, ಅದನ್ನೇ ಬಳಸಿ.

ಹಂತ 9: ಬರೆದಿಡುವುದು

ನೋಡಿದ್ದನ್ನು ಅಲ್ಲೇ ಬರೆಯಿರಿ. ಮನೆಗೆ ಬಂದು ನೆನಪಿನಿಂದ ಬರೆದ ಪಟ್ಟಿಯಲ್ಲಿ ಕಾಗೆ, ಮೈನಾ ಬಿಟ್ಟುಹೋಗಿರುತ್ತವೆ. ಇ-ಬರ್ಡ್‌ನಲ್ಲಿ ಕಡಿಮೆ ಅಂದರೂ 15 ನಿಮಿಷದ ಪಟ್ಟಿ ಮಾಡಿ. ಒಂದು ಕೆರೆಗೆ ಒಂದು ಪಟ್ಟಿ. ಬೇಲೂರಿನಿಂದ ಹಳೇಬೀಡಿಗೆ ಹೋದರೆ ಹೊಸ ಪಟ್ಟಿ. ಗುರುತಿಸಿದ ಹಕ್ಕಿಗಳನ್ನೆಲ್ಲ ಬರೆದಿದ್ದರೆ ಮಾತ್ರ "ಪೂರ್ತಿ ಪಟ್ಟಿಯೇ?" ಎಂಬ ಪ್ರಶ್ನೆಗೆ ಹೌದು ಎನ್ನಿ. ಅಪರೂಪದ್ದನ್ನು ಮಾತ್ರ ಹಾಕಿ ಹೌದು ಎಂದರೆ ಆ ಕೆರೆಯಲ್ಲಿ ಬೆಳ್ಳಕ್ಕಿಯೇ ಇಲ್ಲ ಎಂಬ ಅರ್ಥ ಬರುತ್ತದೆ.

ಗುಂಪು ದೊಡ್ಡದಿದ್ದರೆ ಹತ್ತನ್ನು ಎಣಿಸಿ, ಅಷ್ಟು ಜಾಗ ಎಷ್ಟು ಅಂತ ಕಣ್ಣಲ್ಲಿ ಅಳೆದು, ಅದೇ ಅಳತೆಯಲ್ಲಿ ಗುಂಪನ್ನು ದಾಟುತ್ತಾ ಹೋಗಿ. ಅಂದಾಜು ಸಂಖ್ಯೆಯೂ ಬೆಲೆಯುಳ್ಳದ್ದೇ. ಆ್ಯಪ್ "ಇದು ಇಲ್ಲಿ ಅಪರೂಪ" ಎಂದು ಕೇಳಿದರೆ ಸಿಟ್ಟಾಗಬೇಡಿ. ಕೊಕ್ಕು, ಕಾಲು, ಹಾರಿದ ರೀತಿ ಏನು ಕಂಡಿರಿ ಅದನ್ನು ಎರಡು ಸಾಲು ಬರೆಯಿರಿ. ಖಾತ್ರಿ ಇಲ್ಲದಿದ್ದರೆ ಬರೀ "ಬಾತು" ಎಂದು ಹಾಕುವ ಆಯ್ಕೆಯೂ ಇದೆ, ಅಲ್ವಾ? ತಪ್ಪು ಹೆಸರಿಗಿಂತ ಅದು ಸಾವಿರ ಪಾಲು ವಾಸಿ.

ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ, ಫೆಬ್ರವರಿಯಲ್ಲಿ ನಾಲ್ಕು ದಿನದ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತವೆ. ಆ ಹೊತ್ತಿಗೆ ಒಂದು ಕೆರೆಯನ್ನು ನಿಮ್ಮದೇ ಎಂದು ಆರಿಸಿಕೊಂಡಿರಿ. ಹದಿನೈದು ದಿನಕ್ಕೊಮ್ಮೆ ಅದೇ ದಡ, ಅದೇ ಹೊತ್ತು, ಏಪ್ರಿಲ್ ನಡುವಿನವರೆಗೆ. ಕೊನೆಯ ಗಾರ್ಗೇನಿ, ಕೊನೆಯ ಬಿಳಿ ಸಿಪಿಲೆ ಕಂಡ ದಿನಾಂಕವನ್ನು ಬೇರೆಯಾಗಿ ಗುರುತು ಹಾಕಿಡಿ. ಮೊದಲು ಬಂದ ದಿನವನ್ನು ಎಲ್ಲರೂ ಬರೆಯುತ್ತಾರೆ, ಹೊರಟುಹೋದ ದಿನ ಬರೆಯುವವರು ಕಡಿಮೆ. ಮುಂದಿನ ವರ್ಷ ಯಾವ ವಾರದವರೆಗೆ ಕೆರೆಗೆ ಹೋಗಬೇಕು ಎಂದು ತೀರ್ಮಾನಿಸಲು ಬೇಕಾಗುವುದು ಆ ಎರಡನೇ ದಿನಾಂಕವೇ.